ತಾಡಪತ್ರಗಳ ಛಾಯಾಪ್ರತಿ: ಫಿಲ್ಮಿನಿಂದ ಡಿಜಿಟಲ್ ಕ್ಯಾಮೆರಾದವರೆಗೆ

ಜೈನ ವಾಙ್ಮಯವು ಇಂದಿನವರೆಗೆ ಉಳಿದುಬಂದಿರುವುದು ಪ್ರತಿಲಿಪಿ ಪರಂಪರೆಯ ಬಲದಿಂದ ಎಂಬುದು ವಿದ್ವಾಂಸರಿಗೆ ವಿದಿತವೇ ಇದೆ. ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ದೊರೆತ ಸ್ಥಾನವೂ, ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಸಂಗತಿಯೂ ಈ ಪರಂಪರೆಯ ಸಾಕ್ಷಿಗಳು. ಇಪ್ಪತ್ತನೆಯ ಶತಮಾನದಲ್ಲಿ ಲಿಪಿಕಾರನ ಲೇಖನಿಯ ಜೊತೆಗೆ ಕ್ಯಾಮೆರಾ ಬಂದಿತು. ಆ ಶತಮಾನ ಮುಗಿಯುವ ವೇಳೆಗೆ ಕ್ಯಾಮೆರಾದೊಳಗಿನ ಫಿಲ್ಮ್ ಹಿಂದೆ ಸರಿಯತೊಡಗಿ ಡಿಜಿಟಲ್ ಪದ್ಧತಿ ಮುಂದೆ ಬಂದಿತು. ಇದನ್ನು ಉಪಕರಣದ ಬದಲಾವಣೆಯೆಂದು ಮಾತ್ರ ಎಣಿಸುವುದು ವಾಡಿಕೆ. ವಸ್ತುತಃ ಇದು ಪ್ರತಿಯ ಪ್ರಾಮಾಣ್ಯಕ್ಕೆ ಸಂಬಂಧಿಸಿದ ಪ್ರಶ್ನೆ.

ಕೈಬರಹದ ಪ್ರತಿಗಿಂತ ಛಾಯಾಪ್ರತಿ ಏಕೆ ಬೇಕಾಯಿತೆಂಬುದಕ್ಕೆ ಷಟ್ಖಂಡಾಗಮದ ಇತಿಹಾಸವೇ ಉತ್ತಮ ನಿದರ್ಶನ. ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಪೂರ್ಣಗೊಳಿಸಿದ ಧವಲಾ ಟೀಕೆಯ ಪ್ರಾಚೀನ ತಾಡಪತ್ರಗಳು ಮೂಡಬಿದಿರೆಯಲ್ಲಿ ಮಾತ್ರ ಉಳಿದಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳ ಪ್ರತಿಲಿಪಿ ಕಾರ್ಯ ಆರಂಭವಾಗಿ ಹಲವು ವರ್ಷ ನಡೆಯಿತು. ಹೀಗೆ ಸಿದ್ಧವಾದ ಪ್ರತಿಗಳಿಂದ ಬೇರೆ ಪ್ರತಿಗಳು ಹುಟ್ಟಿ ಉತ್ತರ ಭಾರತವನ್ನು ಸೇರಿದವು. ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಿಂದ 1959ರವರೆಗೆ ಹದಿನಾರು ಸಂಪುಟಗಳು ಪ್ರಕಟವಾದಾಗ, ಆರಂಭದ ಸಂಪುಟಗಳಿಗೆ ಆಧಾರವಾದದ್ದು ಇಂತಹ ಪ್ರತಿಗಳ ಪ್ರತಿಗಳೇ. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದವು ಈ ಪ್ರತಿಗಳಲ್ಲಿ ಬಿಟ್ಟುಹೋಗಿತ್ತು. ಸಂದರ್ಭಬಲದಿಂದ ಆ ಪದ ಇರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮುಂದೆ ಮೂಡಬಿದಿರೆಯ ತಾಡಪತ್ರದಲ್ಲಿ ಅದು ಇರುವುದು ಕಂಡುಬಂದಿತು. ಮನುಷ್ಯಿಣಿಯರ ಗುಣಸ್ಥಾನಗಳ ವಿಚಾರವಾಗಿ ಈ ಒಂದೇ ಪದದ ಸುತ್ತ ನಡೆದ ದೀರ್ಘ ಚರ್ಚೆ ಪಂಡಿತವರ್ಗಕ್ಕೆ ಸುಪರಿಚಿತ. ಮೂರು ಅಕ್ಷರಗಳ ಲೋಪವು ಸಿದ್ಧಾಂತದ ವಿವಾದಕ್ಕೆ ಎಡೆಮಾಡಬಲ್ಲುದಾದರೆ, ಮೂಲದ ಓಲೆಯನ್ನೇ ಕಣ್ಣಮುಂದೆ ನಿಲ್ಲಿಸುವ ಸಾಧನದ ಬೆಲೆ ಎಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆ ಸಾಧನ ಮೊದಲು ಫಿಲ್ಮಿನ ರೂಪದಲ್ಲಿ ದೊರೆಯಿತು. ಆಗಮಪ್ರಭಾಕರ ಮುನಿ ಶ್ರೀ ಪುಣ್ಯವಿಜಯರು 1950ರಲ್ಲಿ ಜೈಸಲ್ಮೇರಿನ ಜ್ಞಾನಭಂಡಾರವನ್ನು ವ್ಯವಸ್ಥೆಗೊಳಿಸಲು ತೊಡಗಿದಾಗ, ಅಲ್ಲಿಯ ಮಹತ್ವದ ಗ್ರಂಥಗಳ ಮೈಕ್ರೋಫಿಲ್ಮುಗಳನ್ನೂ ಮಾಡಿಸಿದರು. ಈ ಪದ್ಧತಿಯ ಗುಣವೆಂದರೆ, ಬೆಳ್ಳಿಯ ಲವಣಗಳ ಮೇಲೆ ಬಿದ್ದ ಬೆಳಕು ಅಲ್ಲಿಯೇ ಸ್ಥಿರವಾದ ಗುರುತಾಗಿ ನಿಲ್ಲುತ್ತದೆ. ಬಿಂಬ ಅತ್ಯಂತ ಚಿಕ್ಕದು. 26 ಅಂಗುಲ, ಎಂದರೆ ಸುಮಾರು 66 ಸೆಂಟಿಮೀಟರ್ ಉದ್ದದ ಓಲೆಯನ್ನು 36 ಮಿಲಿಮೀಟರ್ ಅಗಲದ ಚೌಕಟ್ಟಿಗೆ ಇಳಿಸಿದರೆ ಅದು ಹದಿನೆಂಟು ಪಟ್ಟು ಕುಗ್ಗುತ್ತದೆ. 4 ಮಿಲಿಮೀಟರ್ ಎತ್ತರದ ಅಕ್ಷರ ಒಂದು ಮಿಲಿಮೀಟರಿನ ಕಾಲುಭಾಗಕ್ಕಿಂತಲೂ ಸಣ್ಣದಾಗುತ್ತದೆ. ಆದರೂ ಸೂಕ್ಷ್ಮಕಣದ ಫಿಲ್ಮಿನಲ್ಲಿ ಅದನ್ನು ಓದಬಹುದು. ಓದಲು ಬೇಕಾದದ್ದು ಬೆಳಕು ಮತ್ತು ಒಂದು ಮಸೂರ ಮಾತ್ರ.

ಆದರೆ ಫಿಲ್ಮ್ ಚಿರಸ್ಥಾಯಿಯೆಂಬ ನಂಬಿಕೆ ಬೇಗನೆ ಸಡಿಲವಾಯಿತು. ಬೇಗ ಹೊತ್ತಿ ಉರಿಯುವ ನೈಟ್ರೇಟ್ ಫಿಲ್ಮಿಗೆ ಬದಲಾಗಿ 1948ರ ಸುಮಾರಿಗೆ ಟ್ರೈಅಸಿಟೇಟ್ ಫಿಲ್ಮ್ ಬಳಕೆಗೆ ಬಂದಿತು. ಅದು ಬಂದ ಹತ್ತು ವರ್ಷಗಳೊಳಗೆ ಅದರ ಕ್ಷಯದ ಮೊದಲ ದೂರು ಕೊಡಾಕ್ ಸಂಸ್ಥೆಯನ್ನು ತಲಪಿತು. ದೂರು ನೀಡಿದ್ದು ಭಾರತ ಸರ್ಕಾರ. ಶೆಕೆ ಮತ್ತು ತೇವದಲ್ಲಿ ಇರಿಸಿದ್ದ ಫಿಲ್ಮುಗಳು ಕೆಟ್ಟಿದ್ದವು. ಇಂತಹ ಫಿಲ್ಮಿನಿಂದ ಹುಳಿಯ ವಾಸನೆ ಹೊರಡುತ್ತದೆ, ಸುರುಳಿ ಸೆಟೆಯುತ್ತದೆ, ಕೊನೆಗೆ ಬಿಂಬದ ಪದರ ಸುಕ್ಕುಗಟ್ಟಿ ಬಿಡುತ್ತದೆ. ಕರಾವಳಿಯ ಮಳೆಗಾಲವನ್ನು ಶತಮಾನಗಳ ಕಾಲ ತಾಳಿಕೊಂಡ ಓಲೆಗಳಿಗಿಂತ ಮೊದಲು ಅವುಗಳ ಛಾಯೆಯೇ ಅಳಿಯುವ ಸಂಭವ ಹೀಗೆ ಉಂಟಾಯಿತು. ಅನಂತರದ ಪಾಲಿಯೆಸ್ಟರ್ ಫಿಲ್ಮ್ ಹೆಚ್ಚು ಬಾಳಿಕೆಯುಳ್ಳದ್ದಾದರೂ ಇನ್ನೊಂದು ತೊಡಕು ಉಳಿಯಿತು. ಫಿಲ್ಮಿನಿಂದ ಫಿಲ್ಮಿಗೆ ಪ್ರತಿ ಮಾಡಿದಷ್ಟೂ ಸೂಕ್ಷ್ಮ ರೇಖೆಗಳು ಮಾಸುತ್ತವೆ. ಲಿಪಿಕಾರರ ಪರಂಪರೆಯಲ್ಲಿ ಪಾಠ ಕ್ಷೀಣಿಸಿದಂತೆ ಇಲ್ಲಿ ಬಿಂಬ ಕ್ಷೀಣಿಸುತ್ತದೆ.

ಡಿಜಿಟಲ್ ಪದ್ಧತಿಯ ಮೂಲ 1969ರಲ್ಲಿದೆ. ಆ ವರ್ಷ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಾಯ್ಲ್ ಮತ್ತು ಸ್ಮಿತ್ ಎಂಬ ವಿಜ್ಞಾನಿಗಳು, ಬೆಳಕನ್ನು ವಿದ್ಯುತ್ಕಣಗಳ ಗಣನೆಯಾಗಿ ಪರಿವರ್ತಿಸಲು ಅನುಕೂಲವಾದ ಸಿಸಿಡಿ ಎಂಬ ಸಾಧನವನ್ನು ರೂಪಿಸಿದರು. 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ 1975ರಲ್ಲಿ ನಿರ್ಮಿಸಿದ ಕ್ಯಾಮೆರಾ ಕೇವಲ ಹತ್ತು ಸಾವಿರ ಬಿಂದುಗಳ ಚಿತ್ರವನ್ನು 23 ಸೆಕೆಂಡುಗಳಲ್ಲಿ ಕ್ಯಾಸೆಟ್ ಟೇಪಿನ ಮೇಲೆ ದಾಖಲಿಸುತ್ತಿತ್ತು. ಅದೇ ಸಂಸ್ಥೆ 1991ರಲ್ಲಿ ಮಾರಾಟಕ್ಕೆ ತಂದ ಕ್ಯಾಮೆರಾದಲ್ಲಿ ಬಿಂದುಗಳು 13 ಲಕ್ಷ, ಉದ್ದಕ್ಕೆ 1280. ಮೇಲೆ ಹೇಳಿದ ಓಲೆಯನ್ನು ಅದರಿಂದ ಒಂದೇ ಸಲಕ್ಕೆ ತೆಗೆದರೆ ಒಂದು ಅಕ್ಷರದ ಎತ್ತರಕ್ಕೆ ಸುಮಾರು ಎಂಟು ಬಿಂದುಗಳು ಮಾತ್ರ ಸಲ್ಲುತ್ತವೆ. ದೀರ್ಘ, ಒತ್ತಕ್ಷರಗಳ ಭೇದ ತಿಳಿಯದು. ನಾಲ್ಕೂವರೆ ಕೋಟಿ ಬಿಂದುಗಳುಳ್ಳ ಇಂದಿನ ಕ್ಯಾಮೆರಾದಲ್ಲಿ ಅದೇ ಅಕ್ಷರಕ್ಕೆ ಸುಮಾರು ಐವತ್ತು ಬಿಂದುಗಳು ದೊರೆಯುತ್ತವೆ. ಈ ಎರಡರ ನಡುವಣ ಅವಧಿಯಲ್ಲಿ ಫಿಲ್ಮಿನ ಉದ್ಯಮ ಕುಸಿಯಿತು. ಕೊಡಾಕ್ರೋಮ್ ಫಿಲ್ಮಿನ ತಯಾರಿಕೆ 2009ರಲ್ಲಿ ನಿಂತಿತು. 2012ರ ಜನವರಿಯಲ್ಲಿ ಕೊಡಾಕ್ ಸಂಸ್ಥೆ ದಿವಾಳಿತನದ ರಕ್ಷಣೆ ಕೋರಿತು. ‘ಇಂದು’ ಎಂಬ ಹೆಸರಿನ ಫಿಲ್ಮನ್ನು ತಯಾರಿಸುತ್ತಿದ್ದ ಉದಕಮಂಡಲದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯೂ ಮುಚ್ಚಿತು.

ಹೊಸ ಪದ್ಧತಿಯ ಸಾಮರ್ಥ್ಯವನ್ನು ತೋರಿಸುವ ಕಾರ್ಯವೊಂದು ಕರ್ನಾಟಕದಲ್ಲಿಯೇ ನಡೆದಿದೆ. ಉಡುಪಿಯ ಪಲಿಮಾರು ಮಠದಲ್ಲಿದ್ದ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ತಾಡಪತ್ರಗಳನ್ನು ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ. ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ಅವರ ತಂಡ ಡಿಜಿಟಲ್ ಚಿತ್ರಗಳಾಗಿಸಿತು. ಇದರ ವಿವರ 2006ರಲ್ಲಿ ಪ್ರಕಟವಾಯಿತು. 26 ಅಂಗುಲ ಉದ್ದ, 2 ಅಂಗುಲ ಅಗಲದ ಒಂದೊಂದು ಓಲೆಗೂ ಎಂಟು ಹತ್ತು ಚಿತ್ರಗಳನ್ನು ತೆಗೆದು, ಗಣಕಯಂತ್ರದಲ್ಲಿ ಜೋಡಿಸಲಾಯಿತು. ಕಪ್ಪಾಗಿ ಹೋದ ಓಲೆಯಲ್ಲಿ ಕಣ್ಣಿಗೆ ಕಾಣದ ಅಕ್ಷರಗಳು ಅವಕೆಂಪು ಬೆಳಕಿನಲ್ಲಿ ಸ್ಪಷ್ಟವಾದವು. ಜೈಸಲ್ಮೇರಿನ ಭಂಡಾರದಲ್ಲಿಯೂ, ಪುಣ್ಯವಿಜಯರ ಕಾರ್ಯವನ್ನು ಮುಂದುವರಿಸಿದ ಮುನಿ ಶ್ರೀ ಜಂಬೂವಿಜಯರು ಗ್ರಂಥಗಳನ್ನು ಸ್ಕ್ಯಾನ್ ಮಾಡಿಸಿದರು.

ಇಷ್ಟಾದರೂ ಡಿಜಿಟಲ್ ಪ್ರತಿಯನ್ನು ನಿರ್ದುಷ್ಟವೆಂದು ಸ್ವೀಕರಿಸಲಾಗದು. ಅದನ್ನು ಎಷ್ಟು ಸಲ ಪ್ರತಿ ಮಾಡಿದರೂ ಮೂಲದಂತೆಯೇ ಇರುತ್ತದೆ. ಇದು ಫಿಲ್ಮಿಗೂ ಲಿಪಿಕಾರನಿಗೂ ಸಾಧ್ಯವಾಗದ ಗುಣ. ಆದರೆ ಯಂತ್ರವಿಲ್ಲದೆ ಅದನ್ನು ಓದಲಾಗದು. ಚಿತ್ರಗಳನ್ನು ತುಂಬಿದ ಸಿ.ಡಿ.ಗಳು ಕೆಡುತ್ತವೆ, ಕೆಡದಿದ್ದರೂ ಅವನ್ನು ಓದುವ ಸಾಧನ ಇಂದಿನ ಅನೇಕ ಗಣಕಗಳಲ್ಲಿ ಇಲ್ಲ. ಎರಡನೆಯದಾಗಿ, ಸ್ಥಳ ಉಳಿಸಲು ಚಿತ್ರವನ್ನು ಜೆಪೆಗ್ ರೂಪಕ್ಕೆ ಸಂಕೋಚಿಸಿದಾಗ ಒಂದಷ್ಟು ವಿವರ ಶಾಶ್ವತವಾಗಿ ಹೋಗುತ್ತದೆ. ಮೂರನೆಯದು ಎಲ್ಲಕ್ಕಿಂತ ಗಂಭೀರವಾದುದು. ಫಿಲ್ಮಿನ ನೆಗೆಟಿವನ್ನು ತಿದ್ದಿದರೆ ಪರೀಕ್ಷಿಸುವವನಿಗೆ ಸಾಮಾನ್ಯವಾಗಿ ಗುರುತು ಸಿಗುತ್ತದೆ. ಡಿಜಿಟಲ್ ಚಿತ್ರದಲ್ಲಿ ಒಂದು ಅಕ್ಷರವನ್ನು ಅಳಿಸುವುದೂ ಸೇರಿಸುವುದೂ ಸುಲಭ, ಗುರುತು ಉಳಿಯಲೇಬೇಕೆಂಬ ನಿಯಮವಿಲ್ಲ. ‘ಸಂಜದ’ ಪದದಂತಹ ವಿವಾದದಲ್ಲಿ ಸಾಕ್ಷಿಯಾಗಿ ನಿಲ್ಲಬೇಕಾದ ಪ್ರತಿಗೆ ಇದು ಸಣ್ಣ ದೋಷವಲ್ಲ.

ಇದಕ್ಕೆ ಪರಿಹಾರ ಪ್ರಾಚೀನ ಲಿಪಿಕಾರರ ಸಂಪ್ರದಾಯದಲ್ಲಿಯೇ ಸೂಚಿತವಾಗಿದೆ. ಅವರು ಗ್ರಂಥಾಂತ್ಯದಲ್ಲಿ ಮೂವತ್ತೆರಡು ಅಕ್ಷರಗಳ ಶ್ಲೋಕಮಾನದಿಂದ ಗ್ರಂಥಾಗ್ರವನ್ನು ನಮೂದಿಸುತ್ತಿದ್ದರು. ಮುಂದಿನವರು ಎಣಿಸಿ ನೋಡಿ ಲೋಪ ಅಥವಾ ಪ್ರಕ್ಷೇಪವನ್ನು ಶಂಕಿಸಲು ಅದು ನೆರವಾಗುತ್ತಿತ್ತು. ಡಿಜಿಟಲ್ ಕಡತದ ಸಮಸ್ತ ಅಂಕಿಗಳಿಂದ ಗಣಿಸಿ ಪಡೆಯುವ ಪರಿಶೀಲನಾಂಕವು ಇದೇ ತತ್ತ್ವದ ಮುಂದುವರಿಕೆ. ಒಂದು ಬಿಂದು ಬದಲಾದರೂ ಅದು ಬೇರೆಯಾಗುತ್ತದೆ. ಚಿತ್ರ ತೆಗೆದ ದಿನವೇ ಅದನ್ನು ಲೆಕ್ಕಹಾಕಿ ಬೇರೆಬೇರೆ ಸ್ಥಳಗಳಲ್ಲಿ ದಾಖಲಿಸುವುದು ಅಗತ್ಯ. ಪುಷ್ಪಿಕೆಯಲ್ಲಿ ಲಿಪಿಕಾರ, ಕಾಲ, ಸ್ಥಳ, ದಾನಿಗಳ ಉಲ್ಲೇಖವಿದ್ದಂತೆ, ಪ್ರತಿ ಚಿತ್ರದೊಡನೆ ಭಂಡಾರದ ಹೆಸರು, ಗ್ರಂಥಸಂಖ್ಯೆ, ಓಲೆಯ ಅಂಕ ಮತ್ತು ಪಾರ್ಶ್ವ, ಅಳತೆಪಟ್ಟಿ, ಬೆಳಕಿನ ಬಗೆ, ದಿನಾಂಕ ಇವು ಸೇರಿರಬೇಕು. ಸಂಕೋಚಿಸದ ಮೂಲಚಿತ್ರವನ್ನು ಬೇರೆಯಾಗಿ ಕಾಪಾಡಿ, ಬಳಕೆಗೆ ಅದರ ಪ್ರತಿಯನ್ನು ಮಾತ್ರ ಕೊಡುವುದು ಯುಕ್ತ. ಕೆಲವು ವರ್ಷಗಳಿಗೊಮ್ಮೆ ಹೊಸ ಸಾಧನಕ್ಕೆ ಪ್ರತಿ ಮಾಡಿ, ಪರಿಶೀಲನಾಂಕದೊಡನೆ ತಾಳೆ ನೋಡುವುದೂ ಕರ್ತವ್ಯವೇ.

ಹಸ್ತಪ್ರತಿಗಳಿಗಾಗಿ 2003ರಲ್ಲಿ ರಾಷ್ಟ್ರೀಯ ಅಭಿಯಾನ ಸ್ಥಾಪಿತವಾಯಿತು. 2025ರ ಕೇಂದ್ರ ಆಯವ್ಯಯದಲ್ಲಿ ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳನ್ನು ಲಕ್ಷ್ಯದಲ್ಲಿರಿಸಿಕೊಂಡ ಜ್ಞಾನ ಭಾರತಂ ಯೋಜನೆ ಘೋಷಿತವಾಯಿತು. ಚಿತ್ರಗಳ ಸಂಖ್ಯೆ ಮುಂದೆ ಹೆಚ್ಚುವುದು ನಿಶ್ಚಿತ. ಆದರೆ ಚಿತ್ರ ದೊರೆಯಿತೆಂದು ಓಲೆಯ ಕಟ್ಟನ್ನು, ಹಳೆಯ ನೆಗೆಟಿವುಗಳನ್ನು ಅಲಕ್ಷಿಸುವುದು ತರವಲ್ಲ. ಅಂದು ತೆಗೆದ ಫಿಲ್ಮಿನಲ್ಲಿ ಇಂದು ಓಲೆಯ ಮೇಲೆ ಮುರಿದುಹೋದ ಅಂಚಿನ ಅಕ್ಷರಗಳು ಉಳಿದಿರಬಹುದು. ಇಂದಿನ ಚಿತ್ರಕ್ಕೆ ಸಿಗದದ್ದು ನಾಳಿನ ಸಾಧನಕ್ಕೆ ಓಲೆಯಿಂದಲೇ ಸಿಗಬಹುದು. ಆದುದರಿಂದ ಓಲೆ, ಫಿಲ್ಮ್, ಡಿಜಿಟಲ್ ಚಿತ್ರ ಈ ಮೂರನ್ನೂ ಒಂದೇ ಗ್ರಂಥದ ಸಾಕ್ಷಿಗಳೆಂದು ಪರಿಗಣಿಸಿ, ಪರಸ್ಪರ ತಾಳೆ ನೋಡಿ ಕಾಪಾಡುವುದೇ ಈ ಕಾಲಕ್ಕೆ ಒಪ್ಪುವ ಶಾಸ್ತ್ರದಾನ.