ಕೊರೆವ ಚಳಿಗೆ ಸಿಡಿಯುವ ಕೊಳವೆ: ನೀರಿನ ಮಾರ್ಗಕ್ಕೂ ಬೇಕು ಬೆಚ್ಚನೆಯ ಹೊದಿಕೆ

ಅಮೆರಿಕದ ಟೆಕ್ಸಾಸ್ ರಾಜ್ಯ ಬಿಸಿಲಿಗೆ ಹೆಸರಾದುದು. ಆದರೆ 2021ರ ಫೆಬ್ರುವರಿ ಮಧ್ಯಭಾಗದಲ್ಲಿ ಬೀಸಿದ ಹಿಮಗಾಳಿಗೆ ಆ ರಾಜ್ಯವೇ ತತ್ತರಿಸಿತು. ಫೆ. 16ರಂದು ಡಲ್ಲಾಸ್‌ನಲ್ಲಿ ಉಷ್ಣಾಂಶ ಮೈನಸ್ 19 ಡಿಗ್ರಿ ಸೆಲ್ಸಿಯಸ್‌ಗೆ ಕುಸಿಯಿತು. 45 ಲಕ್ಷಕ್ಕೂ ಹೆಚ್ಚು ಮನೆ, ಕಟ್ಟಡಗಳು ವಿದ್ಯುತ್ ಇಲ್ಲದೆ ಕತ್ತಲಲ್ಲಿ ಮುಳುಗಿದವು. ಮನೆಗಳನ್ನು ಬೆಚ್ಚಗಿಡುವ ಯಂತ್ರಗಳು ಸ್ತಬ್ಧವಾದವು. ಗೋಡೆಯೊಳಗಿನ, ಚಾವಣಿಯ ಮೇಲಿನ ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟಿತು. ಚಳಿ ತಗ್ಗಿ ಮಂಜುಗಡ್ಡೆ ಕರಗತೊಡಗಿದಾಗಲೇ ಎಷ್ಟೋ ಕುಟುಂಬಗಳಿಗೆ ಕೊಳವೆ ಒಡೆದಿರುವುದು ತಿಳಿದದ್ದು. ಚಾವಣಿಗಳು ನೆನೆದು ಕುಸಿದವು, ನೆಲಹಾಸುಗಳು ನೀರಿನಲ್ಲಿ ತೇಲಿದವು. ಈ ಹಿಮಗಾಳಿಯಿಂದ ಸಂಭವಿಸಿದ ಸಾವುಗಳ ಸಂಖ್ಯೆ 246 ಎಂದು ರಾಜ್ಯದ ಆರೋಗ್ಯ ಇಲಾಖೆ ಲೆಕ್ಕ ನೀಡಿತು.

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ನಗರಗಳಲ್ಲಿ ಉದ್ಯೋಗ ನಿಮಿತ್ತ ನೆಲೆಸಿರುವ ಕನ್ನಡಿಗರ ಸಂಖ್ಯೆ ಕಡಿಮೆಯೇನಲ್ಲ. ಕರ್ನಾಟಕದ ಮನೆಗಳಲ್ಲಿ ಬೆಳೆದವರಿಗೆ ಕೊಳವೆಯ ನೀರು ಕಲ್ಲಾಗುವುದೆಂಬುದೇ ಅಪರಿಚಿತ ಸಂಗತಿ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕನಿಷ್ಠ ಉಷ್ಣಾಂಶವೇ 7.8 ಡಿಗ್ರಿ; ಅದೂ 1884ರ ಜನವರಿಯಲ್ಲಿ. ಆದ್ದರಿಂದ ಹಿಮ ಬೀಳುವ ನಾಡಿಗೆ ಹೋಗುವವರು, ಅಲ್ಲಿ ಮಕ್ಕಳ ಮನೆ ಇರುವವರು ಈ ವಿಷಯವನ್ನು ಅರಿತಿರುವುದು ಒಳಿತು.

ಸಿಡಿಯುವುದು ಎಲ್ಲಿ, ಏಕೆ?

ಸಾಮಾನ್ಯವಾಗಿ ಪದಾರ್ಥಗಳು ತಣ್ಣಗಾದಂತೆ ಕುಗ್ಗುತ್ತವೆ. ನೀರೂ 4 ಡಿಗ್ರಿಯವರೆಗೆ ಹಾಗೆಯೇ ವರ್ತಿಸುತ್ತದೆ. ಅಲ್ಲಿಂದ ಕೆಳಗೆ ಅದು ಹಿಗ್ಗತೊಡಗುತ್ತದೆ. ಮಂಜುಗಡ್ಡೆಯಾದಾಗ ಅದರ ಗಾತ್ರ ಶೇ. 9ರಷ್ಟು ಹೆಚ್ಚುತ್ತದೆ.

ಗಡ್ಡೆಯು ಕೊಳವೆಯ ಗೋಡೆಯನ್ನು ಒಳಗಿನಿಂದ ಒತ್ತಿ ಸೀಳುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನವು ಬೇರೆಯದೇ ಚಿತ್ರ ನೀಡಿತು. ಗಡ್ಡೆ ಬೆಳೆದು ಕೊಳವೆಯನ್ನು ಬೂಚಿನಂತೆ ಮುಚ್ಚುತ್ತದೆ. ಆ ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿಗೆ ಹೋಗಲು ದಾರಿ ಇರುವುದಿಲ್ಲ. ಗಡ್ಡೆ ಬೆಳೆದಂತೆ ಆ ನೀರಿನ ಒತ್ತಡ ವಿಪರೀತ ಏರಿ, ಕೊಳವೆ ದುರ್ಬಲವಾಗಿರುವ ಕಡೆ ಸಿಡಿಯುತ್ತದೆ. ಹಾಗಾಗಿ ಒಡೆದ ಜಾಗದಲ್ಲಿ ಮಂಜುಗಡ್ಡೆ ಇರಲೇಬೇಕೆಂದಿಲ್ಲ. ತೀವ್ರ ಚಳಿಯ ರಾತ್ರಿ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಬೇಕೆಂಬ ಸಲಹೆಯ ಮರ್ಮ ಇದೇ. ತೊಟ್ಟಿಕ್ಕುವ ನಲ್ಲಿಯು ಒತ್ತಡಕ್ಕೆ ಹೊರದಾರಿ ಒದಗಿಸುತ್ತದೆ.

ಹೊರಗಿನ ಉಷ್ಣಾಂಶ ಸುಮಾರು ಮೈನಸ್ 7 ಡಿಗ್ರಿಗೆ ಇಳಿದಾಗ ರಕ್ಷಣೆಯಿಲ್ಲದ ಕೊಳವೆಗಳಿಗೆ ಅಪಾಯ ಆರಂಭವಾಗುತ್ತದೆ ಎಂದು ಅದೇ ಅಧ್ಯಯನ ಎಚ್ಚರಿಸಿತು. ಗೋಡೆಯ ಬಿರುಕಿನಿಂದ ತಣ್ಣನೆಯ ಗಾಳಿ ನೇರವಾಗಿ ಕೊಳವೆಗೆ ಬಡಿಯುತ್ತಿದ್ದರೆ ಅಪಾಯ ಇನ್ನೂ ಬೇಗ ಎದುರಾಗಬಹುದು.

ಟೆಕ್ಸಾಸ್ ಎಡವಿದ್ದೆಲ್ಲಿ?

ಮಿನ್ನೆಸೋಟಾದಂಥ ಶೀತ ರಾಜ್ಯಗಳಲ್ಲಿ ಬೀದಿಯ ನೀರಿನ ಕೊಳವೆಗಳನ್ನು ಎರಡು ಮೀಟರಿಗೂ ಆಳದಲ್ಲಿ ಹೂಳುತ್ತಾರೆ. ಮನೆಯೊಳಗೆ ಅವು ಬೆಚ್ಚನೆಯ ಒಳಗೋಡೆಗಳಲ್ಲಿ ಸಾಗುತ್ತವೆ. ದಕ್ಷಿಣದ ರಾಜ್ಯಗಳಲ್ಲಿ ಮನೆ ಕಟ್ಟುವವರ ಚಿಂತೆ ಸೆಖೆಯದು. ಅಲ್ಲಿ ಕೊಳವೆಗಳು ಹೊರಗೋಡೆಯಲ್ಲಿ ಅಥವಾ ಚಾವಣಿಯ ಮೇಲಿನ ಖಾಲಿ ಅಟ್ಟದಲ್ಲಿ ಹಾದುಹೋಗುವುದು ಸಾಮಾನ್ಯ. ಅಪರೂಪಕ್ಕೆ ಬಂದ ಚಳಿಯು ಈ ದೌರ್ಬಲ್ಯವನ್ನು ಬಯಲಿಗೆಳೆಯಿತು.

ಕಾಶ್ಮೀರದ ಅನುಭವ

ಭಾರತದಲ್ಲಿ ಈ ಸಮಸ್ಯೆಯನ್ನು ವರ್ಷವೂ ಎದುರಿಸುವವರು ಕಾಶ್ಮೀರ ಮತ್ತು ಲಡಾಖ್‌ನ ಜನ. ಡಿಸೆಂಬರ್ 21ರಿಂದ 40 ದಿನಗಳ ಕಾಲ ಕಣಿವೆಯಲ್ಲಿ ‘ಚಿಲ್ಲಾಯಿ ಕಲಾನ್’ ಎಂಬ ಕಡುಚಳಿಯ ಅವಧಿ. 2021ರ ಜನವರಿ ಕೊನೆಯಲ್ಲಿ ಶ್ರೀನಗರದ ಉಷ್ಣಾಂಶ ಮೈನಸ್ 8.8 ಡಿಗ್ರಿಗೆ ಇಳಿದಿತ್ತು. 2024ರ ಡಿಸೆಂಬರ್‌ನಲ್ಲಿ ಮೈನಸ್ 8.5 ಡಿಗ್ರಿ ದಾಖಲಾಗಿ, ಐದು ದಶಕಗಳಲ್ಲೇ ಅತ್ಯಂತ ಶೀತಲ ಡಿಸೆಂಬರ್ ರಾತ್ರಿ ಎನಿಸಿತು. ಇಂಥ ದಿನಗಳಲ್ಲಿ ದಾಲ್ ಸರೋವರದ ಮೇಲ್ಮೈ ಹೆಪ್ಪುಗಟ್ಟುತ್ತದೆ, ನಲ್ಲಿಗಳು ಒಣಗುತ್ತವೆ. ಗೋಣಿ, ಹಳೆಯ ಬಟ್ಟೆ ಸುತ್ತುವುದು ಅಲ್ಲಿನ ಬಡವರ ಉಪಾಯ. ಬೆಳಿಗ್ಗೆ ಎದ್ದು ಕೊಳವೆಯ ಬುಡದಲ್ಲಿ ಬೆಂಕಿ ಹಾಕುವ ದೃಶ್ಯವೂ ಸಾಮಾನ್ಯ. ಮೊದಲನೆಯದರಿಂದ ಒಂದಿಷ್ಟು ಪ್ರಯೋಜನವಿದೆ, ಗೋಣಿ ಒಣಗಿದ್ದರೆ ಮಾತ್ರ. ಎರಡನೆಯದು ಅಪಾಯಕಾರಿ.

ಹೊದಿಕೆ ಮಾಡುವುದೇನು?

ಹೊದಿಕೆ ಶಾಖವನ್ನು ಉತ್ಪಾದಿಸುವುದಿಲ್ಲ. ಇರುವ ಶಾಖ ಸೋರಿಹೋಗುವುದನ್ನು ನಿಧಾನಗೊಳಿಸುತ್ತದೆ, ಅಷ್ಟೇ. ನೀರು ಹರಿಯದೆ ನಿಂತಿದ್ದು, ಚಳಿ ದಿನಗಟ್ಟಲೆ ಮುಂದುವರಿದರೆ ಹೊದಿಸಿದ ಕೊಳವೆಯೂ ಹೆಪ್ಪುಗಟ್ಟುತ್ತದೆ. ಒಂದು ರಾತ್ರಿಯ ಚಳಿಯನ್ನು ದಾಟಿಸಲು ಹೊದಿಕೆ ಸಾಕಾಗಬಹುದು. ವಾರದ ಚಳಿಗೆ ಅದರ ಜತೆ ಮನೆಯ ಶಾಖವೂ ಬೇಕು.

ಬಳಕೆಯಲ್ಲಿರುವ ಸಾಮಗ್ರಿಗಳು ಮುಖ್ಯವಾಗಿ ಮೂರು ಬಗೆಯವು.

* ಫೋಮ್ ಕವಚ: ಪಾಲಿಥಿಲೀನ್ ಅಥವಾ ರಬ್ಬರಿನಿಂದ ಮಾಡಿದ, ಉದ್ದಕ್ಕೂ ಸೀಳಿರುವ ಮೆತ್ತನೆಯ ನಳಿಗೆ. ಅಗ್ಗ, ಸುಲಭ, ಮನೆಯವರೇ ತೊಡಿಸಬಹುದು.
* ಗಾಜಿನ ನಾರಿನ ಹೊದಿಕೆ: ಹೆಚ್ಚು ಬಿಸಿಯಾಗುವ ಕೊಳವೆಗಳಿಗೆ ಸೂಕ್ತ. ಒದ್ದೆಯಾದರೆ ನಿಷ್ಪ್ರಯೋಜಕ. ಕೈಗವಸು, ಮುಖಗವಸು ಧರಿಸಿಯೇ ಮುಟ್ಟಬೇಕು.
* ವಿದ್ಯುತ್ ತಾಪನ ಕೇಬಲ್: ಕೊಳವೆಗೆ ಅಂಟಿಕೊಂಡಂತೆ ಅಳವಡಿಸುವ ತಂತಿ. ಶಾಖ ನೀಡುವುದು ಇದೊಂದೇ. ಉಷ್ಣಾಂಶ ಇಳಿದಾಗ ತಾನೇ ಚಾಲೂ ಆಗುವ ಬಗೆಯೂ ಉಂಟು. ಆದರೆ ವಿದ್ಯುತ್ ಹೋದರೆ ಇದೂ ನಿಲ್ಲುತ್ತದೆ. ತಯಾರಕರ ಸೂಚನೆ ಮೀರಿ ಸುತ್ತಿದರೆ, ಹಳತಾದುದನ್ನು ಬಳಸಿದರೆ ಬೆಂಕಿ ಅವಘಡದ ಭಯವಿದೆ.

ತೊಡಿಸುವ ಕ್ರಮ

ಕೊಳವೆಯ ಹೊರ ಅಳತೆಗೆ ಸರಿಹೊಂದುವ ಕವಚವನ್ನೇ ಆರಿಸಬೇಕು. ಸಡಿಲವಾದರೆ ನಡುವೆ ತಣ್ಣನೆಯ ಗಾಳಿ ಸುಳಿಯುತ್ತದೆ. ಮೊದಲು ಸೋರಿಕೆ ಇದ್ದರೆ ಸರಿಪಡಿಸಿ, ಕೊಳವೆಯನ್ನು ಒರೆಸಿ ಒಣಗಿಸಬೇಕು. ಕವಚ ತೊಡಿಸಿದ ನಂತರ ಸೀಳನ್ನೂ ಎರಡು ತುಂಡುಗಳು ಸೇರುವಲ್ಲಿಯೂ ಟೇಪಿನಿಂದ ಬಿಗಿಯಬೇಕು. ತಿರುವುಗಳಲ್ಲಿ ಕವಚವನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ ಜೋಡಿಸಬೇಕು. ವಾಲ್ವ್, ಕವಲುಗಳನ್ನು ಹಾಗೆಯೇ ಬಿಡುವುದು ಸಾಮಾನ್ಯ ತಪ್ಪು. ಮುಚ್ಚದೆ ಉಳಿದ ಒಂದು ಗೇಣು ಜಾಗದಲ್ಲೇ ಮೊದಲ ಗಡ್ಡೆ ಕಟ್ಟುವುದು. ಬಿಸಿಲಿಗೆ ತೆರೆದಿರುವ ಕಡೆ ಫೋಮ್ ಬೇಗ ಪುಡಿಯಾಗುವುದರಿಂದ ಮೇಲೊಂದು ಹೊರಪದರ ಅಗತ್ಯ.

ಇಲ್ಲಿ ಮರೆಯಬಾರದ ಸೂಕ್ಷ್ಮವೊಂದಿದೆ. ಹೊರಗೋಡೆಯಲ್ಲಿ ಕೊಳವೆ ಇದ್ದರೆ ನಿರೋಧಕ ಪದರ ಇರಬೇಕಾದುದು ಕೊಳವೆಗೂ ಹೊರಗಿನ ಚಳಿಗೂ ನಡುವೆ. ಕೊಳವೆಗೂ ಕೋಣೆಗೂ ನಡುವೆ ತುರುಕಿದರೆ ಮನೆಯ ಶಾಖವೇ ಅದಕ್ಕೆ ತಲುಪದು. ಅಟ್ಟದ ನೀರಿನ ತೊಟ್ಟಿಗೂ ಇದೇ ನಿಯಮ: ಮೇಲೆ, ಸುತ್ತ ಹೊದಿಸಿ, ತಳವನ್ನು ಬಿಡಬೇಕು, ಕೆಳಗಿನ ಕೋಣೆಯ ಬಿಸಿ ಮೇಲೇರಲಿ.

ಇತರ ಮುನ್ನೆಚ್ಚರಿಕೆ

* ಚಳಿಗಾಲಕ್ಕೆ ಮುನ್ನ ತೋಟದ ರಬ್ಬರ್ ಪೈಪನ್ನು ನಲ್ಲಿಯಿಂದ ಬಿಡಿಸಿ, ಹೊರನಲ್ಲಿಯ ನೀರು ಬಸಿಯಬೇಕು.
* ಕೊಳವೆ, ಕೇಬಲ್‌ಗಳು ಗೋಡೆ ಹೊಕ್ಕುವ ರಂಧ್ರಗಳನ್ನು ಮುಚ್ಚಬೇಕು.
* ಅಡುಗೆಮನೆಯ ಸಿಂಕ್ ಕೆಳಗಿನ ಕಪಾಟಿನ ಬಾಗಿಲು ತೆರೆದಿಟ್ಟರೆ ಕೋಣೆಯ ಬಿಸಿಗಾಳಿ ಒಳಹೋಗುತ್ತದೆ. ಅಲ್ಲಿ ವಿಷಕಾರಿ ವಸ್ತುಗಳಿದ್ದರೆ ಮಕ್ಕಳ ಕೈಗೆ ಸಿಗದಂತೆ ತೆಗೆದಿರಿಸಬೇಕು.
* ಊರಿಗೆ ಹೋಗುವಾಗಲೂ ಮನೆಯ ಉಷ್ಣಾಂಶ 13 ಡಿಗ್ರಿಗಿಂತ ಇಳಿಯದಂತೆ ಯಂತ್ರವನ್ನು ಹೊಂದಿಸಬೇಕು. ದೀರ್ಘ ಪ್ರವಾಸವಾದರೆ ಮುಖ್ಯ ವಾಲ್ವ್ ಮುಚ್ಚಿ, ನಲ್ಲಿಗಳನ್ನು ತೆರೆದು ನೀರು ಖಾಲಿ ಮಾಡುವುದು ಕ್ಷೇಮ.
* ಮುಖ್ಯ ವಾಲ್ವ್ ಎಲ್ಲಿದೆ ಎಂಬುದು ಮನೆಯ ಪ್ರತಿಯೊಬ್ಬರಿಗೂ ತಿಳಿದಿರಬೇಕು.

ಹೆಪ್ಪುಗಟ್ಟಿದರೆ?

ನಲ್ಲಿ ತಿರುಗಿಸಿದಾಗ ನೀರು ಬಾರದಿದ್ದರೆ ಅಥವಾ ಎಳೆಯಂತೆ ಬಂದರೆ ಗಡ್ಡೆ ಕಟ್ಟಿದೆಯೆಂದು ಶಂಕಿಸಬಹುದು. ನಲ್ಲಿಯನ್ನು ತೆರೆದೇ ಇಟ್ಟು, ನಲ್ಲಿಯ ತುದಿಯಿಂದ ಆರಂಭಿಸಿ ಗಡ್ಡೆಯತ್ತ ಕೂದಲು ಒಣಗಿಸುವ ಯಂತ್ರದಿಂದಲೋ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದಲೋ ನಿಧಾನವಾಗಿ ಬೆಚ್ಚಗಾಗಿಸಬೇಕು. ನೀರು ನಿಂತ ಕಡೆ ವಿದ್ಯುತ್ ಉಪಕರಣ ಬಳಸಕೂಡದು. ಕೊಳವೆ ಒಡೆದಿದ್ದರೆ ಮೊದಲ ಕೆಲಸ ಮುಖ್ಯ ವಾಲ್ವ್ ಮುಚ್ಚುವುದು. ಪ್ಲಂಬರ್‌ಗೆ ಕರೆ ಆನಂತರ.

ಕೊಳವೆಗೆ ಬೆಂಕಿ ಹಿಡಿಯುವುದು ಸಲ್ಲದು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆ ಹಚ್ಚುವುದು ಅದಕ್ಕಿಂತಲೂ ಘೋರ. ಟೆಕ್ಸಾಸ್‌ನಲ್ಲಿ ಬೆಚ್ಚಗಾಗಲು ಮನೆಯೊಳಗೆ ಇದ್ದಿಲು ಉರಿಸಿದವರು, ಗ್ಯಾರೇಜಿನಲ್ಲಿ ಕಾರಿನ ಎಂಜಿನ್ ಚಾಲೂ ಇಟ್ಟವರು ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಲಿಯಾದರು.

ಕರ್ನಾಟಕಕ್ಕೂ ಒಂದು ಪಾಠ

ಇಲ್ಲಿನ ಕೊಳವೆಗಳು ಒಡೆಯುವಷ್ಟು ಚಳಿ ಬೀಳುವುದಿಲ್ಲ. ಆದರೆ ಅದೇ ಫೋಮ್ ಕವಚಕ್ಕೆ ಇಲ್ಲಿ ಇನ್ನೊಂದು ಉಪಯೋಗವಿದೆ. ಮಾಳಿಗೆಯ ಸೌರ ಜಲತಾಪಕದಿಂದ ಬಚ್ಚಲಿಗೆ ಇಳಿಯುವ ಕೊಳವೆ ಬರಿಮೈಯಲ್ಲಿದ್ದರೆ ಹಗಲೆಲ್ಲ ಕಾದ ನೀರು ದಾರಿಯಲ್ಲೇ ಶಾಖ ಕಳೆದುಕೊಳ್ಳುತ್ತದೆ. ಬಿಸಿನೀರು ಬರುವವರೆಗೆ ಬಕೆಟ್‌ಗಟ್ಟಲೆ ತಣ್ಣೀರು ಚರಂಡಿ ಪಾಲಾಗುತ್ತದೆ. ಕೊಳವೆಗೆ ಹೊದಿಸಿದ ಕವಚ ಅಲ್ಲಿ ಮನೆಯನ್ನು ಉಳಿಸಿದರೆ, ಇಲ್ಲಿ ನೀರನ್ನೂ ವಿದ್ಯುತ್ತನ್ನೂ ಉಳಿಸುತ್ತದೆ.