ಮೂರು ವಾರದ ಬಿಡುವು

ನೆಂಟರ ಮನೆಯ ಗೃಹಪ್ರವೇಶದಲ್ಲಿ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದಾಗ, ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ಹವ್ಯಾಸವೇನೆಂದು ಕೇಳಿದರು. ಕಸೂತಿ, ರಂಗೋಲಿ, ಹೆಚ್ಚೆಂದರೆ ಸುಗಮ ಸಂಗೀತ ಎಂಬ ಉತ್ತರವನ್ನು ಎದುರು ನೋಡುತ್ತಿದ್ದರೆಂದು ಕಾಣುತ್ತದೆ. "ಹಳೇ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿ ಓಡಿಸುವುದು" ಎಂದೆ. "ಮಗ ಕಲಿಸಿಕೊಟ್ಟನೇನಮ್ಮಾ?" ಎಂದರು. ಮಗ ಹಾಸ್ಟೆಲಿಗೆ ಹೋದ ಮೇಲೆಯೇ ನನ್ನ ಕಲಿಕೆ ಶುರುವಾದದ್ದು ಎಂದರೆ ಅವರು ನಂಬುವ ಹಾಗಿರಲಿಲ್ಲ. ನಕ್ಕು ಸುಮ್ಮನಾದೆ.

ಅದು 2007ನೇ ಇಸವಿ. ಉಬುಂಟು ಎಂಬ ಲಿನಕ್ಸಿನ ಸಿ.ಡಿ.ಯನ್ನು ಆಗ ಕೇಳಿದವರಿಗೆಲ್ಲ ಅಂಚೆಯಲ್ಲಿ ಪುಕ್ಕಟೆಯಾಗಿ ಕಳಿಸುತ್ತಿದ್ದರು. 2011ರವರೆಗೂ ಆ ಪದ್ಧತಿಯಿತ್ತು. ಮಗ ತರಿಸಿಟ್ಟು ಮರೆತು ಹೋದ ಸಿ.ಡಿ.ಯನ್ನು ಒಂದು ಮಧ್ಯಾಹ್ನ ನಾನೇ ಹಾಕಿದೆ. ಪರದೆ ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತ ಹೋದೆ. ಒಂದು ಹೂಂಕಾರಕ್ಕೆ ನಮ್ಮ ಮಹಿಳಾ ಸಮಾಜದ ಎರಡು ವರ್ಷದ ಲೆಕ್ಕವೆಲ್ಲ ಅಳಿಸಿಹೋಯಿತು. ರಸೀದಿಗಳನ್ನು ಹರವಿಕೊಂಡು ಹದಿನೈದು ದಿನ ಮತ್ತೆ ಬರೆದೆ. "ಗೊತ್ತಿಲ್ಲದ್ದಕ್ಕೆ ಯಾಕೆ ಕೈ ಹಾಕ್ತೀಯೆ?" ಎಂದರು ನಮ್ಮವರು. ಆದರೆ ಸತ್ತಂತಿದ್ದ ಆ ಯಂತ್ರ ಲವಲವಿಕೆಯಿಂದ ಎದ್ದು ಕೂತಿತ್ತಲ್ಲ, ಅದು ನನ್ನನ್ನು ಹಿಡಿದುಕೊಂಡಿತು. ಯಾರು ಇದನ್ನು ಮಾಡಿದರು, ಯಾಕೆ ಪುಕ್ಕಟೆ ಕೊಟ್ಟರು ಎಂದು ಓದತೊಡಗಿದೆ.

ಆಪರೇಟಿಂಗ್ ಸಿಸ್ಟಮ್ ಎಂದರೆ ಮನೆಯ ಯಜಮಾನಿಯಿದ್ದ ಹಾಗೆ. ಯಾರಿಗೆ ಮೊದಲು ಒಲೆ, ಯಾರಿಗೆ ಬಚ್ಚಲು, ಯಾವ ಡಬ್ಬ ಯಾವ ಗೂಡಿನಲ್ಲಿ ಎಂದು ನೋಡಿಕೊಳ್ಳುವವಳು ಅವಳು. ಕೆಲಸ ಸರಿಯಾಗಿ ನಡೆದಷ್ಟು ದಿನ ಅವಳಿದ್ದಾಳೆಂದೇ ಯಾರಿಗೂ ನೆನಪಿರುವುದಿಲ್ಲ. ಗಣಕಯಂತ್ರದೊಳಗೆ ನೆನಪು, ಡಿಸ್ಕು, ಕೀಲಿಮಣೆ, ಪರದೆಗಳನ್ನು ಹೀಗೆ ಹಂಚಿಕೊಡುವ ತಂತ್ರಾಂಶವದು.

ಈ ವಂಶದ ಮೂಲಪುರುಷ ಯುನಿಕ್ಸ್. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1969ರ ಬೇಸಿಗೆಯಲ್ಲಿ ಅದು ಹುಟ್ಟಿದ ಕತೆಯನ್ನು ಅದರ ಕರ್ತೃ ಕೆನ್ ಥಾಂಪ್ಸನ್ ಅವರೇ ಹೇಳಿದ್ದಾರೆ. ಹೆಂಡತಿ ಒಂದು ವರ್ಷದ ಮಗುವನ್ನು ಎತ್ತಿಕೊಂಡು ನೆಂಟರನ್ನು ನೋಡಲು ಮೂರು ವಾರ ಕ್ಯಾಲಿಫೋರ್ನಿಯಾಕ್ಕೆ ಹೋದರು. ವಾರಕ್ಕೊಂದು ಭಾಗದಂತೆ ಆ ಮೂರು ವಾರದಲ್ಲಿ ಥಾಂಪ್ಸನ್ ಯುನಿಕ್ಸಿನ ಮೊದಲ ರೂಪವನ್ನು ಬರೆದು ಮುಗಿಸಿದರು. ಇದನ್ನು ಓದಿದ ದಿನ ನಾನು ಪುಸ್ತಕ ಮಡಿಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಥಾಂಪ್ಸನ್ನರ ಪ್ರತಿಭೆ ದೊಡ್ಡದು, ಅನುಮಾನವಿಲ್ಲ. ಆದರೆ ಅದಕ್ಕೆ ಮೂರು ವಾರದ ನಿಶ್ಶಬ್ದವನ್ನು ಕೊಟ್ಟವರು, ಮಗುವನ್ನು ಎತ್ತಿಕೊಂಡು ಹೊರಟ ಆ ತಾಯಿ.

ಯುನಿಕ್ಸ್ ಮುಂದೆ ದುಬಾರಿ ಸರಕಾಯಿತು. ಅದರ ಮೂಲ ಬರಹವನ್ನು ನೋಡುವುದಕ್ಕೂ ನಿರ್ಬಂಧ ಬಂತು. ಇದನ್ನು ಒಪ್ಪದ ರಿಚರ್ಡ್ ಸ್ಟಾಲ್ಮನ್, ಯುನಿಕ್ಸಿನಂಥದೇ ಒಂದು ಮುಕ್ತ ವ್ಯವಸ್ಥೆಯನ್ನು ಕಟ್ಟುವುದಾಗಿ 1983ರಲ್ಲಿ ಸಾರಿದರು. ಹೆಸರು ಗ್ನು. 1989ರಲ್ಲಿ ಅವರು ರೂಪಿಸಿದ ಪರವಾನಗಿಯ ನಿಯಮ ನಮ್ಮ ಮೊಸರಿನ ಹೆಪ್ಪಿನದೇ. ಪಕ್ಕದ ಮನೆಯಿಂದ ಹೆಪ್ಪು ತಂದವಳು ನಾಳೆ ಕೇಳಿ ಬಂದವಳಿಗೆ ಇಲ್ಲವೆನ್ನಬಾರದು. ತಂತ್ರಾಂಶವನ್ನು ಯಾರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಮಾರಲೂಬಹುದು. ಆದರೆ ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡುವಾಗ ಅದೇ ಹಕ್ಕುಗಳನ್ನೂ ಕೊಡಬೇಕು.

ಗ್ನುವಿನಲ್ಲಿ ಬೇಕಾದ ಉಪಕರಣಗಳೆಲ್ಲ ಒಂದೊಂದಾಗಿ ಕೂಡಿದವು; ನಡುಮನೆಯೇ ಕಟ್ಟಿ ಮುಗಿದಿರಲಿಲ್ಲ. ಅದನ್ನು ಒದಗಿಸಿದವನು ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ತಾಯಿಯ ಮನೆಯಲ್ಲಿದ್ದುಕೊಂಡು ಓದುತ್ತಿದ್ದ 21 ವರ್ಷದ ಹುಡುಗ, ಲಿನಸ್ ಟೋರ್ವಾಲ್ಡ್ಸ್. ಚಿಕ್ಕಂದಿನಲ್ಲಿ ತಾತನ ಕಂಪ್ಯೂಟರಿನಲ್ಲಿ ಕೈ ಪಳಗಿಸಿಕೊಂಡವನು. ಹೊಸ ಯಂತ್ರಕ್ಕೆಂದು ತಾನೇ ಬರೆಯುತ್ತಿದ್ದ ವ್ಯವಸ್ಥೆಯ ಬಗ್ಗೆ 1991ರ ಆಗಸ್ಟ್ 25ರಂದು ಲೋಕಕ್ಕೆ ತಿಳಿಸುವಾಗ, ಇದು ಬರೀ ಹವ್ಯಾಸ, ದೊಡ್ಡದೇನೂ ಆಗುವುದಿಲ್ಲ ಎಂದು ಸಂಕೋಚದಿಂದಲೇ ಹೇಳಿಕೊಂಡಿದ್ದ. ಮೊದಲ ಆವೃತ್ತಿ ಸುಮಾರು 10,000 ಸಾಲು. 1992ರಲ್ಲಿ ಅದಕ್ಕೂ ಸ್ಟಾಲ್ಮನ್ನರ ಹೆಪ್ಪಿನ ನಿಯಮವನ್ನೇ ಹಾಕಿದ. ಅಲ್ಲಿಂದ ಅದು ಕೈಯಿಂದ ಕೈಗೆ ಹೋಯಿತು. ಇಂದು ನಮ್ಮ ನಿಮ್ಮ ಕೈಯ ಆಂಡ್ರಾಯ್ಡ್ ಫೋನಿನೊಳಗೂ ಇರುವುದು ಲಿನಕ್ಸಿನ ತಿರುಳೇ.

ನಮ್ಮ ದೇಶದಲ್ಲಿ ಟೆಲಿಫೋನ್ ತಂತಿಯಿಂದ ಇಷ್ಟು ದೊಡ್ಡ ತಂತ್ರಾಂಶವನ್ನು ಇಳಿಸಿಕೊಳ್ಳುವುದು ಕನಸಾಗಿದ್ದ ಕಾಲದಲ್ಲಿ, 1996ರಲ್ಲಿ, ಪಿ.ಸಿ.ಕ್ವೆಸ್ಟ್ ಪತ್ರಿಕೆ ಲಿನಕ್ಸಿನ ಸಿ.ಡಿ.ಯನ್ನು ಸಂಚಿಕೆಯ ಜೊತೆಗೇ ಹಂಚಿತು. ಮುಂದೆ ಕನ್ನಡಕ್ಕೂ ಮುಕ್ತ ಅಕ್ಷರಗಳು ಬಂದವು. ಈಗ ನಾನು ಬಳಸುವ ಡೆಬಿಯನ್ ಎಂಬ ಲಿನಕ್ಸಿನಲ್ಲಿ ಗುಬ್ಬಿ, ನವಿಲು ಎಂಬ ಎರಡು ಕನ್ನಡ ಫಾಂಟುಗಳಿವೆ. ಆ ಡೆಬಿಯನ್ನನ್ನು 1993ರಲ್ಲಿ ಹುಟ್ಟುಹಾಕಿದ ಇಯನ್ ಮರ್ಡಾಕ್, ತನ್ನ ಗೆಳತಿ ಡೆಬ್ರಾಳ ಹೆಸರನ್ನು ಮುಂದಿಟ್ಟು ತನ್ನದನ್ನು ಹಿಂದೆ ಸೇರಿಸಿ ಅದಕ್ಕೆ ಹೆಸರಿಟ್ಟ.

ಹೆಸರಿನಲ್ಲೇನೋ ಹೆಣ್ಣಿದ್ದಳು. ಕೆಲಸದಲ್ಲಿ? ಲಿನಕ್ಸಿನ ಪರದೆಯನ್ನು ಸಿಂಗರಿಸುವ ಗ್ನೋಮ್ ಬಳಗಕ್ಕೆ 2006ರಲ್ಲಿ ವಿದ್ಯಾರ್ಥಿಗಳ ಬೇಸಿಗೆ ಯೋಜನೆಯೊಂದಕ್ಕಾಗಿ 180ಕ್ಕೂ ಹೆಚ್ಚು ಅರ್ಜಿಗಳು ಬಂದವು. ಹುಡುಗಿಯರದು ಒಂದೂ ಇರಲಿಲ್ಲ. ಹೆಣ್ಣುಮಕ್ಕಳಿಗೆ ಆಸಕ್ತಿಯಿಲ್ಲವೆಂದು ಕೈ ತೊಳೆದುಕೊಳ್ಳಬಹುದಿತ್ತು. ಅವರು ಹಾಗೆ ಮಾಡದೆ, ಅದೇ ವರ್ಷ ಹೆಣ್ಣುಮಕ್ಕಳಿಗೆಂದೇ ಇನ್ನೊಂದು ಯೋಜನೆ ಸಾರಿದರು. ನೂರಕ್ಕೂ ಹೆಚ್ಚು ಅರ್ಜಿ ಬಂದವು. ಬಾಗಿಲು ತೆರೆದೇ ಇತ್ತು, ಆದರೆ ನೀವೂ ಬನ್ನಿ ಎಂದು ಯಾರೂ ಕರೆದಿರಲಿಲ್ಲ.

ನನಗೆ ಮೂರು ವಾರದ ಬಿಡುವು ಎಂದೂ ಸಿಕ್ಕಿಲ್ಲ. ಪಾತ್ರೆ ಕವುಚಿಹಾಕಿದ ಮೇಲೆ, ಸಂಜೆಯ ಕಾಫಿಗೆ ಮೊದಲು, ಒಂದೂವರೆ ಗಂಟೆ ನನ್ನದು. ಆ ಹೊತ್ತಿನಲ್ಲಿ ಜನ ಬೇಡವೆಂದು ಬಿಟ್ಟ ಆರು ಯಂತ್ರಗಳನ್ನು ಎಬ್ಬಿಸಿದ್ದೇನೆ. ಒಂದು ಈಗ ಮಹಿಳಾ ಸಮಾಜದಲ್ಲಿದೆ. ಲೆಕ್ಕದ ಪ್ರತಿಯನ್ನು ಮಾತ್ರ ಎರಡು ಕಡೆ ಇಡುತ್ತೇನೆ. ಎದುರು ಮನೆಯ ಸೊಸೆ ಮೊನ್ನೆ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದು, "ಆಂಟೀ, ನನಗೂ ಹೇಳಿಕೊಡ್ತೀರಾ?" ಎಂದಳು. ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟೆ. ಆಮೇಲೆ ಕೈ ಚಾಚಿ ಕೂಸನ್ನು ನಾನೇ ಎತ್ತಿಕೊಂಡೆ.