ದೇವದೂತರ ಕೊಂಬು, ಕುರಿಗಾಹಿಯ ಸನಾದಿ



ಉರುಕುಂದ, ಕೌತಾಳಂ, ಆದೋನಿ ಕಡೆಯವರಿಗೆ ಮದುವೆ ಮೆರವಣಿಗೆಯ ಸನಾದಿ ಹೊಸದಲ್ಲ. ಆ ಸನಾದಿಯ ದೂರದ ನೆಂಟನೊಬ್ಬ ಯೂರೋಪಿನಲ್ಲಿದ್ದಾನೆ. ಅವನ ಹೆಸರು ಇಂಗ್ಲಿಷ್ ಹಾರ್ನ್. ವಿಚಿತ್ರವೆಂದರೆ ಅದು ಇಂಗ್ಲೆಂಡಿನದೂ ಅಲ್ಲ, ಕೊಂಬು ಕಹಳೆಗಳ ಜಾತಿಯದೂ ಅಲ್ಲ. ಈ ವಾದ್ಯ ತಂತಿವಾದ್ಯಗಳ ಜೊತೆ ಕೂಡಿ ನುಡಿಯುವ ಸಂಗೀತದ ಕಥೆಯಲ್ಲಿ ನಮ್ಮ ಗಾಯನ ವೃಂದಗಳು ಕೇಳಿಸಿಕೊಳ್ಳಬೇಕಾದ ಒಂದು ಮಾತಿದೆ.

ಇಂಗ್ಲಿಷ್ ಹಾರ್ನ್ ಮರದ ವಾದ್ಯ. ಜೊಂಡಿನ ಎರಡು ತೆಳು ಸೀಳುಗಳನ್ನು ಒಂದಕ್ಕೊಂದು ಸೇರಿಸಿ ಕಟ್ಟಿ, ತುಟಿಗಳ ನಡುವೆ ಹಿಡಿದು ಊದುತ್ತಾರೆ. ಸನಾದಿಯ ತುದಿಯಲ್ಲಿರುವ ಒಣ ಹುಲ್ಲಿನ ನಾಲಿಗೆಯೂ ಹೀಗೆಯೇ ಅದುರಿ ದನಿ ಹೊರಡಿಸುತ್ತದೆ. ಓಬೋ ಎಂಬ ವಾದ್ಯಕ್ಕಿಂತ ಇದು ಉದ್ದ. ಶ್ರುತಿ ಐದು ಸ್ವರ ಕೆಳಗೆ. ಕೆಳತುದಿ ಪೇರುಹಣ್ಣಿನಂತೆ ಉಬ್ಬಿದೆ. ಹಾಗಾಗಿ ದನಿ ಮೃದು, ತುಸು ದುಃಖದ್ದು. ಹಿಂದೆ ಈ ವಾದ್ಯ ಬಾಗಿದ ಆಕಾರದಲ್ಲಿತ್ತು. ಹಳೆಯ ಚಿತ್ರಗಳಲ್ಲಿ ದೇವದೂತರು ಊದುವ ಕೊಂಬಿನಂತೆ ಕಾಣುತ್ತಿತ್ತು. ಹಳೆಯ ಜರ್ಮನ್ ಭಾಷೆಯಲ್ಲಿ ‘ದೇವದೂತರ’ ಎನ್ನುವ ಪದವೂ ‘ಇಂಗ್ಲಿಷ್’ ಎನ್ನುವ ಪದವೂ ಒಂದೇ ಆಗಿದ್ದರಿಂದ ದೇವದೂತರ ಕೊಂಬು ಇಂಗ್ಲಿಷ್ ಕೊಂಬಾಯಿತು ಎಂದು ಹಲವರು ವಿವರಿಸುತ್ತಾರೆ.

ಇದರ ಹಿರಿಯಣ್ಣನಂಥ ಒಂದು ವಾದ್ಯವನ್ನು ಯೊಹಾನ್ ಸೆಬಾಸ್ಟಿಯನ್ ಬಾಖ್ ತನ್ನ ಕ್ರಿಸ್ಮಸ್ ಸಂಗೀತದಲ್ಲಿ ಬಳಸಿದ. 1734ರ ಡಿಸೆಂಬರ್ 26ರಂದು ಜರ್ಮನಿಯ ಲೈಪ್ಜಿಗ್‌ನಲ್ಲಿ ಅದರ ಎರಡನೆಯ ಭಾಗ ಮೊದಲ ಸಲ ಕೇಳಿಬಂತು. ಕುರಿಗಾಹಿಗಳು ರಾತ್ರಿ ಮಂದೆ ಕಾಯುತ್ತಿರುವ ಪ್ರಸಂಗ ಅದು. ಮಾತಿಲ್ಲದ ಆ ಆರಂಭದಲ್ಲಿ ಒಂದು ಕಡೆ ಪಿಟೀಲು, ಕೊಳಲು. ಇನ್ನೊಂದು ಕಡೆ ಓಬೋ ಬಳಗ. ತಂತಿಗಳು ದೇವದೂತರು, ಊದುವವರು ಕುರಿಗಾಹಿಗಳು ಎಂದು ಕೇಳುಗರು ಅರ್ಥ ಮಾಡಿದ್ದಾರೆ. ಮೊದಲು ಅವರು ಸರದಿಯಂತೆ ನುಡಿಯುತ್ತಾರೆ, ಆಮೇಲೆ ಜೊತೆಗೂಡುತ್ತಾರೆ.

1789ರ ಸುಮಾರಿಗೆ ಮೊಜಾರ್ಟ್ ಇಂಗ್ಲಿಷ್ ಹಾರ್ನ್‌ಗಾಗಿ ನಿಧಾನಗತಿಯ ಒಂದು ಚಿಕ್ಕ ಕೃತಿ ಬರೆಯಲು ತೊಡಗಿದ. ಮುಖ್ಯ ರಾಗವನ್ನು ಬರೆದು, ಜೊತೆವಾದ್ಯಗಳ ಭಾಗವನ್ನು ಪೂರ್ತಿ ಮಾಡದೆ ಬಿಟ್ಟ. ನಂತರದವರು ಅದನ್ನು ತುಂಬಿಸಿದರು. ಇಂದು ಅದನ್ನು ಇಂಗ್ಲಿಷ್ ಹಾರ್ನ್ ಮತ್ತು ತಂತಿವಾದ್ಯಗಳಲ್ಲಿ ನುಡಿಸುವುದುಂಟು. ಇಂಥ ಕಛೇರಿಯಲ್ಲಿ ಕೈ ಬೀಸಿ ನಡೆಸುವ ನಾಯಕನಿಲ್ಲ. ಪ್ರತಿಯೊಬ್ಬರೂ ಉಳಿದವರ ಉಸಿರು ಕೇಳಿಸಿಕೊಂಡು ನುಡಿಸಬೇಕು. ಆ ರಾಗದ ಆರಂಭ, 1791ರ ಜೂನ್‌ನಲ್ಲಿ ಪರಮಪ್ರಸಾದದ ಹಬ್ಬಕ್ಕೆಂದು ಅವನು ಬರೆದ ‘ಆವೆ ವೇರುಂ ಕೋರ್ಪುಸ್’ ಗೀತೆಯನ್ನು ನೆನಪಿಸುತ್ತದೆ. ಅದೇ ಡಿಸೆಂಬರ್‌ನಲ್ಲಿ ಮೊಜಾರ್ಟ್ ತೀರಿಕೊಂಡ.

ಇದೆಲ್ಲ ಪರದೇಶದ ಮಾತು ಎನ್ನಬೇಡಿ. ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳ ವಾದ್ಯಮೇಳದಲ್ಲಿಯೂ ಇಂಗ್ಲಿಷ್ ಹಾರ್ನ್ ಇದೆ. ಅವು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಬರಲು ಹಣದ ಭರವಸೆ ಕೊಟ್ಟವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್. ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದವರೂ ಅವರೇ. ಇನ್ನು ಪಿಟೀಲು ಯೂರೋಪಿನಿಂದ ಬಂದದ್ದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಮದರಾಸಿನಲ್ಲಿ ಕಲಿತು ನಮ್ಮ ರಾಗಗಳಿಗೆ ಒಗ್ಗಿಸಿದರು. ಈಗ ಅದನ್ನು ಪರಕೀಯ ಎನ್ನುವವರು ಯಾರು?

ಹಾಗಾದರೆ ಸನಾದಿ ಯಾಕೆ ಹೊರಗೆ ನಿಂತಿದೆ? ಇದು ಭಜಂತ್ರಿ ಮನೆತನಗಳು ತಲೆಮಾರುಗಳಿಂದ ಉಳಿಸಿಕೊಂಡು ಬಂದ ವಿದ್ಯೆ. ಊರಿನ ಶುಭಕಾರ್ಯಕ್ಕೆ ಅವರ ವಾದ್ಯ ಬೇಕು, ಪಂಕ್ತಿಯಲ್ಲಿ ಅವರಿಗೆ ಜಾಗ ಬೇಡ ಎಂಬ ಕಾಲವಿತ್ತು. 1977ರ ‘ಸನಾದಿ ಅಪ್ಪಣ್ಣ’ ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಸನಾದಿ ವಾದಕನಾದರು, ಉಸ್ತಾದ್ ಬಿಸ್ಮಿಲ್ಲಾ ಖಾನ್ ಶಹನಾಯಿ ನುಡಿಸಿದರು. ನಾಡೆಲ್ಲ ಮೆಚ್ಚಿತು. ಆದರೆ ಡಿಜೆ ಬಂದ ಮೇಲೆ ಹಳ್ಳಿಯ ವಾದಕನನ್ನು ಕರೆಯುವವರು ಕಡಿಮೆಯಾದರು.

1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಆಯಾ ಜನರ ಸಂಗೀತ ಪರಂಪರೆಗೆ ತಕ್ಕ ಗೌರವ ಸಿಗಬೇಕೆಂದು ಹೇಳಿತು. ಆರಾಧನೆಗೆ ಒಪ್ಪುವ ಬೇರೆ ವಾದ್ಯಗಳಿಗೂ ಬಾಗಿಲು ತೆರೆಯಿತು. ಆದೋನಿ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಮೇಲೆ ಆಂಧ್ರಕ್ಕೆ ಸೇರಿತು. ಗಡಿ ಸರಿದರೂ ಕನ್ನಡದ ಹಾಡು ಮನೆಗಳಲ್ಲಿ ಉಳಿಯಿತು. ವಾದ್ಯವನ್ನೂ ಹಾಗೆಯೇ ನಾವು ಉಳಿಸಿಕೊಳ್ಳಬೇಕು, ನುಡಿಸುವವರನ್ನೂ ಉಳಿಸಿಕೊಳ್ಳಬೇಕು.

ಶುಭಸಂದೇಶ ಮೊದಲು ತಲುಪಿದ್ದು ಬಯಲಲ್ಲಿ ರಾತ್ರಿ ಕಾಯುತ್ತಿದ್ದವರಿಗೆ. ಈ ಕ್ರಿಸ್ಮಸ್‌ಗೆ ಕೀಬೋರ್ಡಿನ ಸಿದ್ಧ ತಾಳವನ್ನು ಒಂದು ಹಾಡಿನ ಮಟ್ಟಿಗೆ ನಿಲ್ಲಿಸೋಣ. ಗುರುಗಳನ್ನು ಕೇಳಿ, ಊರಿನ ಸನಾದಿಯವರನ್ನು ಗೌರವದಿಂದ ಕರೆದು, ಅವರ ಸಂಭಾವನೆ ಕೊಟ್ಟು, ನಮ್ಮ ಪಿಟೀಲಿನ ಪಕ್ಕದಲ್ಲಿ ಕೂರಿಸೋಣ. ಅವರ ಉಸಿರು ಕೇಳಿಸಿಕೊಂಡು ಹಾಡೋಣ.